ಈಜುಕೊಳದ ಬಾಗಿಲು ತೆಗೆಸಿದವರು ಯಾರು, ಸ್ವಾಮಿ?

ಹಾಸ್ಟೆಲಿನ ಗೆಳೆಯರೇ,

ಅಮೆರಿಕದ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆ ಹೇಗೋ ಕೈ ಬದಲಾಯಿಸಿ ನಮ್ಮ ರೂಮಿಗೆ ಬಂತು. ನುಣುಪು ಕಾಗದ, ಬಣ್ಣಬಣ್ಣದ ಫೋಟೋ. ಅದರಲ್ಲಿ ಮೇರಿಲ್ಯಾಂಡಿನ ಮಹನೀಯರೊಬ್ಬರು ಬರೆದಿದ್ದಾರೆ. ಬೇಸಿಗೆ ಬಂತೆಂದರೆ ಅವರ ಮಗಳು ಬಡಾವಣೆಯ ಈಜು ತಂಡ ಸೇರುತ್ತಾಳೆ. ಇವರು ಪ್ರತಿ ಶನಿವಾರ ಬೆಳಿಗ್ಗೆ ಕೊಳದ ದಂಡೆಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ. ಸಂಬಳವಿಲ್ಲದ ಸೇವೆ. ಕೊನೆಗೆ ಒಂದು ಉಪದೇಶ: ಅಲ್ಲಿ ಜಾತಿಯಿಲ್ಲವಂತೆ, ಮೇಲುಕೀಳಿಲ್ಲವಂತೆ, ನೀರಿಗಿಳಿದ ಮೇಲೆ ಎಲ್ಲ ಮಕ್ಕಳೂ ಒಂದೇ ಅಂತೆ. ನಮ್ಮ ದೇಶದ ಜನ ಇದನ್ನು ನೋಡಿ ಕಲಿಯಬೇಕಂತೆ.

ಸರಿ, ಕಲಿಯೋಣ ಅಂತ ಕೂತೆವು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಆ ಮಹನೀಯರಿಗೂ ಒಂದು ಪ್ರತಿ ಮುಟ್ಟಲಿ.

ಮೊದಲು ಅವರ ಕೆಲಸದ ಮಾತು. ಅದನ್ನು ಹಗುರ ಮಾಡುವುದಿಲ್ಲ. ಎರಡು ಬಡಾವಣೆಗಳ ಮಕ್ಕಳು ಎದುರಾಬದುರಾ ಈಜುತ್ತಾರೆ. ಕೊಳಕ್ಕೆ ಆರು ಲೇನು ಅಂತಿಟ್ಟುಕೊಳ್ಳಿ. ಲೇನಿಗೆ ಮೂವರು ಗಡಿಯಾರದವರು ಬೇಕೆಂದರೆ ಅಲ್ಲಿಗೇ 18 ಮಂದಿ ಅಪ್ಪ ಅಮ್ಮಂದಿರು. ಕೈಕಾಲು ಸರಿಯಾಗಿ ಬೀಸಿದರೋ ಇಲ್ಲವೋ, ಗೋಡೆ ಮುಟ್ಟಿ ತಿರುಗಿದರೋ ಇಲ್ಲವೋ ನೋಡುವವರು ಬೇರೆ. ಎಂಟು ವರ್ಷದೊಳಗಿನ ಚಿಳ್ಳೆಪಿಳ್ಳೆಗಳನ್ನು ಸಾಲಾಗಿ ಬೆಂಚಿನ ಮೇಲೆ ಕೂರಿಸಿ, ಯಾವ ಸ್ಪರ್ಧೆ ಯಾವ ಲೇನು ಅಂತ ಅವುಗಳ ತೋಳಿನ ಮೇಲೆ ಶಾಯಿಯಲ್ಲಿ ಬರೆದು ಕಳಿಸುವವರು ಬೇರೆ. ರಿಬ್ಬನ್ನು ಅಂಟಿಸುವವರು, ತಿಂಡಿ ಮಾರುವವರು, ಹಗ್ಗ ಕಟ್ಟುವವರು. ಎಲ್ಲರಿಗಿಂತ ಹಿಂದೆ ಬಿದ್ದು, ಉಸಿರು ಕಟ್ಟಿಕೊಂಡು ಗೋಡೆ ಮುಟ್ಟುವ ಮಗುವಿಗೆ ಅಲ್ಲಿ ಜೋರಾಗಿ ಚಪ್ಪಾಳೆ ತಟ್ಟುತ್ತಾರಂತೆ. ಇದನ್ನು ಓದಿದಾಗ ನಮ್ಮಲ್ಲೊಬ್ಬ ಸುಮ್ಮನಾಗಿಬಿಟ್ಟ. ಕೊನೆಯವನಾಗಿ ಬಂದದ್ದಕ್ಕೆ ಅವನಿಗೆ ಇಸ್ಕೂಲಿನಲ್ಲಿ ಸಿಕ್ಕಿದ್ದು ಬೇರೆ ಥರದ ಚಪ್ಪಾಳೆ.

ಆದ್ದರಿಂದ ಆ ದಂಡೆಯ ಮೇಲಿನ ಪ್ರೀತಿಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆ ಪ್ರೀತಿಯ ಸುತ್ತ ಇರುವ ಬೇಲಿಯ ಬಗ್ಗೆ. ಆ ಬೇಲಿಗೆ ಒಂದು ಚರಿತ್ರೆ ಇದೆ. ಮಹನೀಯರು ಸ್ಟಾಪ್‌ವಾಚ್ ಒತ್ತಿದ್ದು ರೇಸು ಅರ್ಧ ಮುಗಿದ ಮೇಲೆ.

ಅವರಿರುವ ಮೇರಿಲ್ಯಾಂಡಿನಿಂದಲೇ ಶುರು ಮಾಡೋಣ. ಬಾಲ್ಟಿಮೋರಿನ ಸಾರ್ವಜನಿಕ ಸ್ನಾನತೀರಗಳಲ್ಲಿ ಕರಿಯರಿಗೊಂದು ಬಿಳಿಯರಿಗೊಂದು ಅಂತ ಜಾಗ ಬೇರ್ಪಡಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟು 1955ರಲ್ಲಿ ತಪ್ಪು ಎಂದಿತು. ಬಿಳಿಯರು ಏನು ಮಾಡಿದರು? ಸಾರ್ವಜನಿಕ ನೀರು ಬಿಟ್ಟು ಎದ್ದು ಹೋದರು. ಊರಾಚೆ ಹೊಸ ಬಡಾವಣೆಗಳಲ್ಲಿ ತಾವೇ ಚಂದಾ ಎತ್ತಿ ತಮ್ಮದೇ ಕೊಳ ಕಟ್ಟಿಕೊಂಡರು. ಹೆಸರು ಸಂಘ, ಕ್ಲಬ್ಬು, ಅಸೋಸಿಯೇಷನ್ನು. ಬೇಸಿಗೆಯ ಮಕ್ಕಳ ಲೀಗುಗಳೂ ಆ ಕಾಲದ ಕೂಸುಗಳೇ. ಪಕ್ಕದ ಉತ್ತರ ವರ್ಜೀನಿಯಾದ ಲೀಗು ಹುಟ್ಟಿದ್ದು 1956ರಲ್ಲಿ. ಅಪ್ಪ ಅಮ್ಮಂದಿರ ಪುಕ್ಕಟೆ ಸೇವೆಯಿಂದಲೇ ಇವು ನಡೆದವು. ಸೇವೆ ನಿಜ. ಬೇಲಿಯೂ ನಿಜ.

1958ರಲ್ಲಿ ವಾಷಿಂಗ್ಟನ್ ನಗರದ ಆಚೆ, ಇದೇ ಮೇರಿಲ್ಯಾಂಡಿನಲ್ಲಿ, ವೀಟನ್-ಹೇವನ್ ಎಂಬ ಅಸೋಸಿಯೇಷನ್ನು ಹುಟ್ಟಿತು. 325 ಕುಟುಂಬಗಳಿಗೆ ಸದಸ್ಯತ್ವ. ಕೊಳದಿಂದ ಮುಕ್ಕಾಲು ಮೈಲಿಯೊಳಗೆ ಮನೆಯಿದ್ದರೆ ಯಾರ ಶಿಫಾರಸೂ ಬೇಡ. 1968ರಲ್ಲಿ ಡಾ. ಹ್ಯಾರಿ ಪ್ರೆಸ್ ಎಂಬ ಕರಿಯ ವೈದ್ಯ ಆ ಮುಕ್ಕಾಲು ಮೈಲಿಯೊಳಗೆ ಮನೆ ಕೊಂಡು ಅರ್ಜಿ ನಮೂನೆ ಕೇಳಿದ. ಬಣ್ಣದ ಕಾರಣಕ್ಕೆ ಸಿಗಲಿಲ್ಲ. ಅದೇ ವರ್ಷ ಟಿಲ್‌ಮನ್ ಎಂಬ ಬಿಳಿಯ ದಂಪತಿ ತಮ್ಮ ಅತಿಥಿಯಾಗಿ ಗ್ರೇಸ್ ರಾಸ್ನರ್ ಎಂಬ ಕರಿಯ ಹೆಂಗಸನ್ನು ಕರೆದುಕೊಂಡು ಹೋದರು. ಒಂದು ದಿನ ಒಳಗೆ ಬಿಟ್ಟರು. ಮಾರನೆಯ ದಿನವೇ ಆಡಳಿತ ಮಂಡಳಿ ಕೂತು ಹೊಸ ನಿಯಮ ಮಾಡಿತು: ಇನ್ನು ಮೇಲೆ ಅತಿಥಿಗಳೆಂದರೆ ಸದಸ್ಯರ ನೆಂಟರು ಮಾತ್ರ!

ನೋಡಿದಿರಾ ಗೆಳೆಯರೇ, "ಕರಿಯರು ಬರಕೂಡದು" ಅಂತ ಎಲ್ಲೂ ಬರೆಯಲಿಲ್ಲ. ನೆಂಟರು ಮಾತ್ರ ಅಂತ ಬರೆದರು. ನಮ್ಮೂರಲ್ಲಿ ಕೂಡ ಹೋಟೆಲಿನವನು ಹೊರಕ್ಕೆ ಹೋಗು ಅನ್ನುವುದಿಲ್ಲ, "ಲೋಟ ಇಲ್ಲ ಕಣಪ್ಪ" ಅನ್ನುತ್ತಾನೆ. ಎಲ್ಲ ದೇಶದ ಪುರೋಹಿತಶಾಹಿಗೂ ಒಂದೇ ವ್ಯಾಕರಣ.

ಆ ನಾಲ್ವರು ಗಂಡ ಹೆಂಡಿರೂ ಗ್ರೇಸ್ ರಾಸ್ನರೂ ಸೇರಿ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಸೋತರು. 1973ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅವರ ಪರ ತೀರ್ಪು ಕೊಟ್ಟಿತು: ಇದು ಖಾಸಗಿ ಕ್ಲಬ್ಬಲ್ಲ, ಗುಲಾಮಗಿರಿ ಹೋದ ಮರುಗಳಿಗೆಯಲ್ಲೇ ಆದ 1866ರ ನಾಗರಿಕ ಹಕ್ಕುಗಳ ಕಾಯಿದೆ ಇದಕ್ಕೂ ಅನ್ವಯಿಸುತ್ತದೆ. ಆ ಬಾಗಿಲು ತೆಗೆದದ್ದು ಹೀಗೆ. ಮಹನೀಯರಂಥವರು ಆ ದೇಶಕ್ಕೆ ಕಾಲಿಡಲು ಆದದ್ದೇ 1965ರ ವಲಸೆ ಕಾಯಿದೆಯಿಂದ. ಕರಿಯರು ಬೀದಿಯಲ್ಲಿ ಲಾಠಿ, ನಾಯಿ, ನೀರಿನ ಪೈಪು ಎದುರಿಸಿ ಗೆದ್ದ ಗಾಳಿಯಲ್ಲೇ ಆ ಕಾಯಿದೆಯೂ ಆಯಿತು. ಕಂದು ಮೈಯ ಕನ್ನಡದ ಹುಡುಗಿ ಇವತ್ತು ಆ ನೀಲಿ ನೀರಿಗೆ ಧುಮುಕುವ ಹಲಗೆಯನ್ನು ನೆಟ್ಟವರು ಅವರು. ಸಂಚಿಕೆಯ ನಾಲ್ಕು ಪುಟದ ಲೇಖನದಲ್ಲಿ ಅವರಿಗೆ ಒಂದು ಸಾಲು? ಇಲ್ಲ. ಸ್ಪಾನ್ಸರರಿಗೆ ಮಾತ್ರ ಅರ್ಧ ಪುಟ ಕೃತಜ್ಞತೆ.

ಎಲ್ಲ ಕಡೆಯೂ ತೀರ್ಪು ಹೀಗೆ ಬರಲಿಲ್ಲ. ಮಿಸಿಸಿಪಿಯ ಜಾಕ್ಸನ್ ಊರಿನಲ್ಲಿ ಐದು ಕೊಳಗಳಿದ್ದವು, ನಾಲ್ಕು ಬಿಳಿಯರಿಗೆ, ಒಂದು ಕರಿಯರಿಗೆ. ಕೂಡಿ ಈಜಬೇಕಾಗುತ್ತದೆ ಅಂತ ಗೊತ್ತಾದದ್ದೇ ಊರಾಡಳಿತ ಕೊಳಗಳನ್ನೇ ಮುಚ್ಚಿಬಿಟ್ಟಿತು. 1971ರಲ್ಲಿ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಒಂದು ಕಡೆ, ಮುಚ್ಚಿದ್ದು ಸರಿ ಎಂದಿತು. ಯಾರಿಗೂ ನೀರಿಲ್ಲ ಅಂದರೆ ಸಮಾನತೆಯಂತೆ! 1964ರ ಜೂನಿನಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಒಂದು ಮೋಟೆಲಿನ ಕೊಳಕ್ಕೆ ಇಳಿದಾಗ ಮೋಟೆಲಿನವನು ಆ ನೀರಿಗೆ ಆಸಿಡ್ಡು ಸುರಿದ. ಅದರ ಫೋಟೋ ಲೋಕವೆಲ್ಲ ನೋಡಿತು.

ಇದನ್ನು ಓದುವಾಗ ನಮಗೆ ಮಹಾಡ್ ನೆನಪಾಗದೆ ಇದ್ದೀತೆ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದರು. ಆಮೇಲೆ ಸವರ್ಣೀಯರು 108 ಕೊಡ ಗಂಜಲ ಸಗಣಿ ಹಾಲು ಮೊಸರು ಸುರಿದು ಕೆರೆಯನ್ನು ಶುದ್ಧ ಮಾಡಿಕೊಂಡರು. ಅಲ್ಲಿ ಆಸಿಡ್ಡು, ಇಲ್ಲಿ ಸಗಣಿ. ಕೆರೆ ಯಾರದು ಅನ್ನುವ ಮೊಕದ್ದಮೆ ಬಾಂಬೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇನ್ನು 1973 ಹಳೆಯ ಮಾತು ಅನ್ನುವವರಿಗೆ 2009ರ ಮಾತು. ಪೆನ್ಸಿಲ್ವೇನಿಯಾದಲ್ಲಿ ವ್ಯಾಲಿ ಕ್ಲಬ್ ಎಂಬ ಈಜು ಕ್ಲಬ್ಬಿಗೆ ಫಿಲಡೆಲ್ಫಿಯಾದ ಒಂದು ಬೇಸಿಗೆ ಶಿಬಿರದವರು 1,950 ಡಾಲರು ಕಟ್ಟಿ ಮಕ್ಕಳನ್ನು ಕರೆದುಕೊಂಡು ಹೋದರು. ಕರಿಯ, ಕಂದು ಮಕ್ಕಳು. ಒಂದೇ ದಿನ. ದುಡ್ಡು ವಾಪಸ್ಸು ಬಂತು. ಮಕ್ಕಳಿಂದ ಕ್ಲಬ್ಬಿನ ಮೈಬಣ್ಣವೇ ಬದಲಾದೀತು ಎಂಬ ಅರ್ಥದ ಮಾತು ಕ್ಲಬ್ಬಿನ ಅಧ್ಯಕ್ಷನ ಬಾಯಲ್ಲೇ ಬಂತು. ಸರ್ಕಾರ ದಾವೆ ಹೂಡಿತು, ಕ್ಲಬ್ಬು ದಿವಾಳಿಯೆದ್ದು ಹೋಯಿತು. ಅಲ್ಲಿಯೂ ಶನಿವಾರದ ಸ್ಟಾಪ್‌ವಾಚಿನ ಅಪ್ಪಂದಿರು ಇದ್ದಿರಬೇಕಲ್ಲವೇ? ಅವರೂ ತಮ್ಮನ್ನು ಸೇವಕರು ಅಂತಲೇ ತಿಳಿದಿದ್ದಿರಬೇಕು.

ಈಗ ಕೆಲವರು ಕೇಳುತ್ತಾರೆ, ಈಜು ಯಾವ ದೊಡ್ಡ ವಿಷಯ? ಬೇರೆಯವರಲ್ಲ, ನಮ್ಮ ಗೆಳೆಯರೇ. ಮೊದಲು ಭೂಮಿ, ಮೊದಲು ಕೂಲಿ, ಮೊದಲು ಸೀಟು. ಈಜು ಹೊಟ್ಟೆ ತುಂಬಿದವರ ಶೋಕಿ.

ಅವರಿಗೆ ಶ್ರೀವ್‌ಪೋರ್ಟಿನ ಕತೆ ಹೇಳುತ್ತೇವೆ. ಲೂಯಿಸಿಯಾನಾ ರಾಜ್ಯ, 2010ರ ಆಗಸ್ಟ್ 2. ಕರಿಯ ಕುಟುಂಬಗಳು ರೆಡ್ ರಿವರ್ ದಂಡೆಗೆ ಬಂದಿದ್ದವು. ತಿಳಿನೀರಿನಲ್ಲಿ ಕಾಲಾಡಿಸುತ್ತಿದ್ದ ಒಬ್ಬ ಹುಡುಗ ತಟ್ಟನೆ ಆಳಕ್ಕೆ ಜಾರಿದ. ಅವನನ್ನು ಹಿಡಿಯಲು ಒಬ್ಬ ಇಳಿದ, ಅವನನ್ನು ಹಿಡಿಯಲು ಇನ್ನೊಬ್ಬಳು, ಹೀಗೆ ಒಬ್ಬರ ಹಿಂದೆ ಒಬ್ಬರು. ಯಾರಿಗೂ ಈಜು ಬರದು. ದಂಡೆಯ ಮೇಲಿದ್ದ ಹೆತ್ತವರಿಗೂ ಬರದು. ಮೊದಲು ಜಾರಿದವನನ್ನು ದಾರಿಹೋಕನೊಬ್ಬ ಎಳೆದು ಉಳಿಸಿದ. ಉಳಿಸಲು ಹೋದ ಆರು ಮಕ್ಕಳು ಸತ್ತವು.

ಇದನ್ನು ವಿಧಿ ಅನ್ನುತ್ತೀರಾ? ಅಜ್ಜನಿಗೆ ಕೊಳದ ಬಾಗಿಲು ಮುಚ್ಚಿದರೆ ಅಪ್ಪನಿಗೆ ಈಜು ಬರುವುದಿಲ್ಲ. ಅಪ್ಪನಿಗೆ ಬರದಿದ್ದರೆ ಅವನು ಮಗನನ್ನು ನೀರಿನ ಹತ್ತಿರ ಬಿಡುವುದಿಲ್ಲ. ಬೋರ್ಡು ಕಿತ್ತು ಐವತ್ತು ವರ್ಷವಾದರೂ ಬೋರ್ಡು ಮೈಯೊಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ಲೆಕ್ಕವೇ ಹೇಳುತ್ತದೆ: 1999ರಿಂದ 2010ರವರೆಗೆ, 5ರಿಂದ 19 ವರ್ಷದೊಳಗಿನ ಕರಿಯ ಮಕ್ಕಳು ಈಜುಕೊಳದಲ್ಲಿ ಮುಳುಗಿ ಸತ್ತ ಪ್ರಮಾಣ ಬಿಳಿಯ ಮಕ್ಕಳ 5.5 ಪಟ್ಟು. ಆದರೆ 1987ರಲ್ಲಿ ಅಲ್ ಕ್ಯಾಂಪನಿಸ್ ಎಂಬ ಬೇಸ್‌ಬಾಲಿನ ದೊಡ್ಡ ಕುಳ ಟೀವಿಯಲ್ಲೇ ಕೂತು, ಕರಿಯರ ಮೈಗೆ ತೇಲುವ ಗುಣವಿಲ್ಲ ಅಂತ ಹೇಳಿದ. ಕೆಲಸ ಕಳೆದುಕೊಂಡ, ಅದು ಬೇರೆ. ಮೊದಲು ನೀರು ಕಿತ್ತುಕೊಳ್ಳುವುದು, ಆಮೇಲೆ ಮೂಳೆ ಸರಿಯಿಲ್ಲ ಅನ್ನುವುದು. ನಮಗೆ ಅಕ್ಷರ ಕೊಡದೆ "ಇವರಿಗೆ ವಿದ್ಯೆ ಹತ್ತೋದಿಲ್ಲ" ಅಂದದ್ದು ಇದೇ ಬಾಯಿ. 2016ರಲ್ಲಿ ರಿಯೋ ಒಲಿಂಪಿಕ್ಸಿನ 100 ಮೀಟರ್ ಫ್ರೀಸ್ಟೈಲಿನಲ್ಲಿ ಸಿಮೋನ್ ಮ್ಯಾನುಯೆಲ್ ಚಿನ್ನ ಗೆದ್ದಾಗ ಆ ಬಾಯಿ ಎಲ್ಲಿತ್ತೋ.

ಈಗ ನಮ್ಮ ಮಾತು. ನಮ್ಮೂರ ತೋಟದ ಬಾವಿ. ಬೇಸಿಗೆ ರಜದಲ್ಲಿ ಊರ ಹುಡುಗರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ದುಡುಂ ದುಡುಂ ಅಂತ ಬೀಳುತ್ತಿದ್ದರು. ಅವರಣ್ಣಂದಿರು ಮೆಟ್ಟಿಲ ಮೇಲೆ ಕೂತು "ಕಾಲು ಬಡಿಯೋ" ಅಂತ ಕಲಿಸುತ್ತಿದ್ದರು. ಆ ಬಾವಿ ತೋಡಿದವರು ನಮ್ಮ ತಾತಂದಿರು, ಹೂಳೆತ್ತಿದವರು ನಮ್ಮಪ್ಪಂದಿರು. ನಾವು ದನ ಹೊಡಕೊಂಡು ಮೇಲೆ ನಿಂತು ನೋಡಬೇಕು, ಅದೂ ನೆರಳು ನೀರಿಗೆ ಬೀಳದ ಹಾಗೆ. ಬಾವಿಗೆ ಬಿದ್ದ ಹೆಣ ತೆಗೆಯುವಾಗ ಮಾತ್ರ ಕೇರಿಗೆ ಕರೆ ಬರುತ್ತಿತ್ತು. ಜೀವ ಇರುವ ಮಗು ಇಳಿದರೆ ಮೈಲಿಗೆ, ಹೆಣ ಎತ್ತಲು ಇಳಿದರೆ ಮೈಲಿಗೆಯಿಲ್ಲ. ನಮ್ಮಲ್ಲಿ ಕೆಲವರು ಎಮ್ಮೆಯ ಬಾಲ ಹಿಡಿದು ಕಟ್ಟೆಯ ರಾಡಿಯಲ್ಲಿ ಕಲಿತರು. ಎಮ್ಮೆಗಳೇ ನಮ್ಮ ವಾಲಂಟಿಯರುಗಳು. ಮಿಕ್ಕವರು ಕಲಿಯಲೇ ಇಲ್ಲ.

1955ರ ಕಾಯಿದೆಯ 4ನೇ ಸೆಕ್ಷನ್ನಿನಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಲ್ಲ ಇವೆ. ಕಾಗದದಲ್ಲಿ ನೀರಿಗೇನೂ ಬರವಿಲ್ಲ.

ಹಾಸ್ಟೆಲಿನ ಹುಡುಗರು ರಜದಲ್ಲಿ ನಾಲೆಗೆ, ಕ್ವಾರಿ ಗುಂಡಿಗೆ, ಮರಳು ತೆಗೆದ ಹೊಂಡಕ್ಕೆ ಇಳಿದು ಸತ್ತ ಸುದ್ದಿ ಪೇಪರಿನ ಮೂಲೆಯಲ್ಲಿ ಬರುತ್ತದೆ. "ಈಜು ಬಾರದೆ" ಅಂತ ಎರಡು ಪದದಲ್ಲಿ ಕಾರಣ ಮುಗಿಸುತ್ತಾರೆ. ಯಾಕೆ ಬಾರದು ಅಂತ ಯಾವನೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ, ಅದೇ ನಮ್ಮ ಸಿಟ್ಟು, ನಮ್ಮ ಮೇಲೂ. ಬಾಬಾಸಾಹೇಬರ ಮೊದಲ ದೊಡ್ಡ ಸತ್ಯಾಗ್ರಹವೇ ನೀರಿನದು. ಅದನ್ನು ಶೋಕಿ ಅನ್ನುವ ಗೆಳೆಯ ಮಹಾಡನ್ನು ಭಾಷಣಕ್ಕೆ ಮಾತ್ರ ಇಟ್ಟುಕೊಂಡಿದ್ದಾನೆ.

ಮಹನೀಯರಿಗೆ ಇನ್ನೊಂದು ಪ್ರಶ್ನೆ ಉಳಿದಿದೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆ ಒಪ್ಪಿತು, ಗವರ್ನರು ಅಕ್ಟೋಬರಿನಲ್ಲಿ ವೀಟೋ ಮಾಡಿದ. ವಿರೋಧಿಸಿ ಮುಂದೆ ನಿಂತದ್ದು ಅಲ್ಲಿನ ಹಿಂದೂ ಸಂಘಟನೆಗಳು. ಜಾತಿ ಇಲ್ಲದ ಕಡೆ ಜಾತಿ ಬೇಡ ಅನ್ನುವ ಕಾಯಿದೆ ಬಂದರೆ ನಿಮಗೇಕೆ ಸ್ವಾಮಿ ಚಳಿ ಜ್ವರ?

ಸೇವೆ ಹೇಗಿರುತ್ತದೆ ಅಂತ ನೋಡಬೇಕಾದರೆ ಫಿಲಡೆಲ್ಫಿಯಾದಲ್ಲೇ ನೋಡಿ. ಜಿಮ್ ಎಲ್ಲಿಸ್ ಎಂಬ ಕರಿಯ ಮೇಷ್ಟ್ರು, ಗಣಿತ ಕಲಿಸುವವರು, 1970ರ ದಶಕದ ಮೊದಲಲ್ಲಿ ನಗರದ ಸಾರ್ವಜನಿಕ ಕೊಳದಲ್ಲಿ ಬಡ ಕರಿಯ ಮಕ್ಕಳ ತಂಡ ಕಟ್ಟಿದರು. ಆ ಮಕ್ಕಳು ರಾಷ್ಟ್ರಮಟ್ಟದವರೆಗೆ ಈಜಿದರು. 2007ರಲ್ಲಿ ಅವರ ಮೇಲೆ ಸಿನಿಮಾ ಕೂಡ ಬಂತು, ಹೆಸರು 'ಪ್ರೈಡ್'. ಅಲ್ಲೂ ದಂಡೆಯ ಮೇಲೆ ದೊಡ್ಡವರು ಬೇಕಿತ್ತು. ಆದರೆ ಎರಡು ಪಾಳಿ ದುಡಿಯುವ ತಾಯಿಗೆ ಶನಿವಾರ ಎಲ್ಲಿಂದ ಬರಬೇಕು? ಸ್ಟಾಪ್‌ವಾಚ್ ಹಿಡಿಯಲು ಮೊದಲು ಬೇಕಾದದ್ದು ಬಿಡುವು. ನಮ್ಮವ್ವಂದಿರಿಗೆ ಕಳೆ ಕೀಳುವ ಕೂಲಿ ಬಿಟ್ಟು ನಮ್ಮನ್ನು ನೋಡುತ್ತ ನಿಲ್ಲುವ ಒಂದು ಬೆಳಿಗ್ಗೆ ಯಾವತ್ತು ಸಿಕ್ಕಿತ್ತು?

ಅವ್ವಂದಿರು ಬರಲಾಗುವುದಿಲ್ಲ. ನಾವು ಬರಬಹುದು. ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ದುಡ್ಡಿನಲ್ಲಿ ಕಟ್ಟಿದ ಈಜುಕೊಳಗಳಿವೆ, ಟಿಕೆಟ್ಟಿನ ದರ ನೋಡಿಯೇ ನಾವು ಗೇಟಿನಿಂದ ವಾಪಸ್ಸು ಬರುತ್ತೇವೆ. ಏಪ್ರಿಲ್, ಮೇ ಎರಡು ತಿಂಗಳು ಹಾಸ್ಟೆಲ್ ಮಕ್ಕಳಿಗೆ ಬೆಳಗಿನ ಹೊತ್ತು ಪುಕ್ಕಟೆ ಬಿಡಬೇಕು, ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಕೊಡಬೇಕು, ಕಲಿಸುವವರನ್ನು ನೇಮಿಸಬೇಕು ಅಂತ ಅರ್ಜಿ ಬರೆದಿದ್ದೇವೆ. ಈ ಸಂಚಿಕೆ ಮಾರುವ ಗೆಳೆಯರ ಹತ್ತಿರ ಅದರ ಹಾಳೆಗಳಿವೆ, ಸಹಿ ಮಾಡಿ. ಈಜು ಬರುವವರು ಹಿಂದಿನ ಹಾಳೆಯಲ್ಲಿ ಹೆಸರು, ರೂಮಿನ ನಂಬರು ಬರೆಯಿರಿ, ಎಮ್ಮೆಯ ಬಾಲ ಹಿಡಿದು ಕಲಿತವರೂ ಬರೆಯಿರಿ. ಈಜು ಬರದವರು ದಂಡೆಯ ಮೇಲೆ ಬೇಕು. ಮಕ್ಕಳ ತಲೆ ಎಣಿಸಬೇಕು, ಹಗ್ಗ ಹಿಡಿಯಬೇಕು, ಟವಲು ಕಾಯಬೇಕು. ಸ್ಟಾಪ್‌ವಾಚ್ ಮೊಬೈಲಿನಲ್ಲೇ ಇದೆ.