ಆ ಒಂದು ತಾಸು ಯಾರದು?

ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಈಗ ಒಂದೇ ಮಾತು: "ಹುಡುಗಿ ಸಾಫ್ಟ್‌ವೇರ್ ಕಲಿಯಾಕತ್ತಾಳ, ಆರು ತಿಂಗಳ ಕೋರ್ಸ್ ಮುಗದ್ರ ಆತು." ಏನು ಆತು? ಸರ್ಟಿಫಿಕೇಟು ಗೋಡೆಗೇರಿತು, ಅಷ್ಟೇ.

ಗೋಕಾಕದ ಗೊಂಬೆ ಮಾಡುವವರನ್ನು ನೋಡಿ. ಹಿರಿಯರ ಪಕ್ಕದಲ್ಲಿ ಕುಳಿತು, ದಿನಾ ಒಂದಿಷ್ಟು ಮರ ಕೆತ್ತಿ, ತಪ್ಪನ್ನು ತಿದ್ದಿಸಿಕೊಂಡೇ ಕೈ ಕುದುರುತ್ತದೆ. ಪ್ರೋಗ್ರಾಂ ಬರೆಯುವ ಕೆಲಸವೂ ಹಾಗೆಯೇ. ದಿನಕ್ಕೊಂದು ತಾಸು ಸ್ವತಃ ಬರೆಯಬೇಕು. ಕಂಪ್ಯೂಟರ್ ತೋರಿಸಿದ ದೋಷವನ್ನು ಪೂರ್ತಿ ಓದಿ, ಕಾರಣವನ್ನು ವಹಿಯಲ್ಲಿ ಬರೆದಿಡಬೇಕು. ಬೇರೆಯವರು ಬರೆದದ್ದನ್ನು ಓದಬೇಕು. ಒಳ್ಳೆಯ ಕಂಪನಿಗಳಲ್ಲಿ ಹತ್ತು ವರ್ಷದ ಅನುಭವಿಯ ಕೋಡನ್ನೂ ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಸೇರಿಸುತ್ತಾರೆ. ಇದರಲ್ಲಿ ನಾಚುವುದೇನೂ ಇಲ್ಲ.

ನನಗೆ ಸಿಟ್ಟು ಬರುವುದು ಮುಂದಿನ ಮಾತಿಗೆ. ಆ ಒಂದು ತಾಸು ಮಗನಿಗೆ ಸಿಗುತ್ತದೆ. "ಅಂವಾ ಓದಾಕತ್ತಾನ, ಸುಮ್ಮನಿರ್ರಿ" ಎನ್ನುತ್ತೇವೆ. ಮಗಳನ್ನು ಮಾತ್ರ ರೊಟ್ಟಿ ಬಡಿಯಲು ಎಬ್ಬಿಸುತ್ತೇವೆ. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತು, ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂದಿತ್ತು. ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯಾದವರು, ಪೋಸ್ಟ್‌ಕಾರ್ಡ್ ಬರೆದು ಅದನ್ನು ಪ್ರಶ್ನಿಸಿದರು, ಕೆಲಸವನ್ನೂ ಪಡೆದರು. ಇಂದು ಆ ಜಾಹೀರಾತಿನ ಮಾತನ್ನು ನಮ್ಮ ಅಡುಗೆಮನೆಗಳೇ ಆಡುತ್ತಿವೆ.

ಬೆಂಗಳೂರು, ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮೂರ ಅಕ್ಕಂದಿರೇ, ರವಿವಾರ ಒಂದು ತಾಸು ಊರಿನ ಒಬ್ಬ ತಂಗಿಯ ಕೋಡನ್ನು ಓದಿ, ತಪ್ಪು ತೋರಿಸಿ. ತಾಯಂದಿರೇ, ಆ ಹೊತ್ತಿನ ರೊಟ್ಟಿಯನ್ನು ಮಗ ಬಡಿಯಲಿ.