ಮಾಸಾಶನವೂ ಉದ್ಯೋಗವೂ: ಒಂದು ತಪ್ಪು ಲೆಕ್ಕ

ವ್ಯಾಪಾರಸ್ಥರು ನಾಲ್ಕು ಜನ ಕೂಡಿದಲ್ಲಿ ಇತ್ತೀಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಸರಕಾರವು ತಿಂಗಳು ತಿಂಗಳು ಪುಕ್ಕಟೆ ಹಣ ಹಂಚಿ ಜನರನ್ನು ಸೋಮಾರಿಗಳನ್ನಾಗಿ ಮಾಡಿದೆ. ಮಾಸಾಶನ ಕೈಸೇರುತ್ತಿರುವವರೆಗೆ ಅಂಗವಿಕಲರೂ ದುಡಿಮೆಗೆ ಬರಲೊಲ್ಲರು ಎಂಬುದೇ ಆ ಮಾತು. ಆಡುವವರು ದುಷ್ಟರಲ್ಲ. ಅವರಲ್ಲಿ ಅನೇಕರು ದಶಲಕ್ಷಣ ಪರ್ವದಲ್ಲಿ ಕೈಬಿಚ್ಚಿ ದಾನ ಮಾಡುವವರು, ಗಾಲಿಕುರ್ಚಿ ವಿತರಣೆಯ ಸಮಾರಂಭಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡುವವರು. ಆದರೆ ಕೀರ್ದಿ ಖತಾವಣಿ ಬರೆದು ಬದುಕಿದ ಜನ ಲೆಕ್ಕ ಹಾಕದೆ ಮಾತನಾಡುವುದು ಶೋಭಿಸದು. ಲೆಕ್ಕ ಹಾಕಿದರೆ ಈ ಮಾತು ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಮೊದಲು ಮೊತ್ತವನ್ನೇ ನೋಡಬೇಕು. ಕರ್ನಾಟಕ ಸರಕಾರವು 2021ರ ಜುಲೈ ತಿಂಗಳಲ್ಲಿ ಪ್ರಕಟಿಸಿದ ಪರಿಷ್ಕರಣೆಯಂತೆ ಶೇಕಡಾ 40ರಿಂದ 75ರವರೆಗಿನ ಅಂಗವೈಕಲ್ಯವುಳ್ಳವರ ಮಾಸಾಶನ 600 ರೂಪಾಯಿಯಿಂದ 800ಕ್ಕೆ ಏರಿತು. ಶೇಕಡಾ 75ನ್ನು ಮೀರಿದವರಿಗೆ ಗೊತ್ತುಪಡಿಸಿದ್ದು 1,400 ರೂಪಾಯಿ. ಅದೇ ಸಂದರ್ಭದಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯಡಿ ವೃದ್ಧರ ಮಾಸಾಶನವು 1,000ದಿಂದ 1,200ಕ್ಕೆ ಏರಿತು. ಈಗ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 24ನೆಯ ಕಲಮನ್ನು ಪಕ್ಕದಲ್ಲಿಟ್ಟು ಓದಬೇಕು. ಇತರರಿಗಾಗಿ ಇರುವ ಅದೇ ಬಗೆಯ ಯೋಜನೆಗಳಿಗಿಂತ ಅಂಗವಿಕಲರಿಗೆ ಸಲ್ಲುವ ನೆರವು ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರತಕ್ಕದ್ದು ಎಂಬುದು ಅದರ ತಾತ್ಪರ್ಯ. 1,200ಕ್ಕೆ ಅದರ ಕಾಲು ಭಾಗ ಕೂಡಿಸಿದರೆ 1,500. ಸಂದಿದ್ದು 800, ಅತಿ ಹೆಚ್ಚಿನ ವೈಕಲ್ಯವುಳ್ಳವನಿಗೂ 1,400. ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತು ಆ ಕಲಮಿನಲ್ಲಿ ಇದೆ, ನಿಜ. ಆದರೆ ವೃದ್ಧರಿಗೆ 1,200 ಕೊಡಬಲ್ಲ ಖಜಾನೆಗೆ ಕುಂಟನಿಗೆ ಕೊಡುವಾಗ ಮಾತ್ರ ಶಕ್ತಿ ಕುಂದುವುದು ವಿಚಿತ್ರ. ಇನ್ನು ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯ ಪಾಲು 2012ರಲ್ಲಿ 300 ರೂಪಾಯಿಗೆ ಬಂದು ನಿಂತದ್ದು ಮತ್ತೆ ಕದಲಿಲ್ಲ. ಅದೂ ಶೇಕಡಾ 80ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ, ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರ. ಈ ಹಣದಿಂದ ಸೋಮಾರಿಯಾಗುವ ಮನುಷ್ಯನಿದ್ದರೆ ಅವನನ್ನು ಸಂಯಮಿ ಎಂದು ಪೂಜಿಸಬೇಕಾದೀತು.

ಮೊತ್ತಕ್ಕಿಂತ ಅದಕ್ಕೆ ಕಟ್ಟಿದ ಹಗ್ಗ ಕ್ರೂರವಾದದ್ದು. ಮಾಸಾಶನ ಪಡೆಯುವವನ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯನ್ನು ಮೀರಬಾರದು. ತಿಂಗಳಿಗೆ ಭಾಗಿಸಿದರೆ 2,667 ರೂಪಾಯಿ. ಇದು ಒಬ್ಬನದಲ್ಲ, ಇಡೀ ಮನೆಯದು. ಸ್ವಾರಸ್ಯವಿರುವುದು ಮುಂದಿನ ಅಂಕಿಯಲ್ಲಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಆ ಯೋಜನೆ ಭರವಸೆ ಕೊಟ್ಟಿದ್ದ ನೂರು ದಿನಗಳ ಕೂಲಿಯನ್ನು ಒಂದು ಮನೆ ಪೂರ್ತಿಯಾಗಿ ದುಡಿದು ಪಡೆದರೆ 37,000 ರೂಪಾಯಿ. ಸರಕಾರವೇ ಖಾತ್ರಿಗೊಳಿಸಿದ ಕೆಲಸವನ್ನು ಸರಕಾರವೇ ಗೊತ್ತುಪಡಿಸಿದ ದರದಲ್ಲಿ ತಾಯಿಯೊಬ್ಬಳು ಮಣ್ಣು ಹೊತ್ತು ಮಾಡಿದರೆ, ಆ ಮನೆಯ ಅಂಗವಿಕಲ ಮಗ ಮಾಸಾಶನಕ್ಕೆ ಅನರ್ಹನಾಗುತ್ತಾನೆ. ಈ ಎರಡು ಆದೇಶಗಳನ್ನು ಬರೆದ ಕಚೇರಿಗಳು ಒಂದರ ಕಾಗದವನ್ನು ಇನ್ನೊಂದು ನೋಡುವುದಿಲ್ಲ. ಯಾವ ಮುನೀಮನೂ ಇಂಥ ಖಾತೆಯನ್ನು ಮಾಲೀಕನ ಮುಂದೆ ಇಡಲಾರನು.

ಹುಮನಾಬಾದ ತಾಲ್ಲೂಕಿನ ಘಾಟಬೋರಾಳದಂಥ ಊರಿನಲ್ಲಿ ವಾಣಿಜ್ಯ ಪದವಿ ಮುಗಿಸಿದ, ಒಂದು ಕಾಲಿನ ಶಕ್ತಿ ಕುಂದಿದ, ಶೇಕಡಾ 60ರ ಪ್ರಮಾಣಪತ್ರ ಪಡೆದ ಯುವಕನೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಒಣಬೇಸಾಯದ ತುಂಡು ಹೊಲ. ಬಂದರೆ ತೊಗರಿ, ಉದ್ದು, ಸೋಯಾ. ಅವನ ಬಳಿ ಪದವಿಯ ಪತ್ರಕ್ಕಿಂತ ಇತರ ಪತ್ರಗಳೇ ಹೆಚ್ಚು: ಬೀದರದ ವೈದ್ಯಕೀಯ ಮಂಡಳಿ ನೋಡಿ ಕೊಟ್ಟ ವೈಕಲ್ಯದ ಗುರುತುಪತ್ರ, ನಾಡಕಚೇರಿಯ ಆದಾಯಪತ್ರ, 371(ಜೆ) ಮೀಸಲಾತಿಗಾಗಿ ಬಸವಕಲ್ಯಾಣದ ಉಪವಿಭಾಗಾಧಿಕಾರಿಯಿಂದ ತಂದ ಅರ್ಹತಾಪತ್ರ. ಹುಮನಾಬಾದದ ಅಡತಿ ಅಂಗಡಿಯೊಂದರಲ್ಲಿ ತಿಂಗಳಿಗೆ 8,000 ರೂಪಾಯಿಯ ಲೆಕ್ಕ ಬರೆಯುವ ಕೆಲಸ ಇದೆ ಎಂದು ಅವನಿಗೆ ತಿಳಿಯಿತೆನ್ನೋಣ. 8,000 ಬರುವಾಗ 800 ಹೋದರೇನು, ಹತ್ತು ಪಟ್ಟು ಲಾಭವಲ್ಲವೆ ಎಂದು ವ್ಯಾಪಾರಿ ಕೇಳುತ್ತಾನೆ. ಪ್ರಶ್ನೆ ಸರಿಯಾದದ್ದೇ. ಆದರೆ ವ್ಯಾಪಾರಿ ತನ್ನ ವ್ಯವಹಾರದಲ್ಲಿ ಎಂದೂ ಮರೆಯದ ಒಂದು ಅಂಶವನ್ನು ಇಲ್ಲಿ ಮರೆಯುತ್ತಾನೆ, ಅದು ಜೋಖಮು. ಅಡತಿಯ ಕೆಲಸ ಸುಗ್ಗಿಯೊಡನೆ ಮುಗಿಯಬಹುದು. ನಾಲ್ಕು ತಿಂಗಳ ಸಂಬಳ ಕೂಡಿದರೆ 32,000 ಮುಟ್ಟಿತು. ಐದನೆಯ ತಿಂಗಳಲ್ಲಿ ಕೆಲಸ ಹೋದರೆ, ನಿಂತುಹೋದ ಮಾಸಾಶನವನ್ನು ಮತ್ತೆ ಮಂಜೂರು ಮಾಡಿಸಿಕೊಳ್ಳಲು ಹೊಸ ಅರ್ಜಿ, ಹೊಸ ಆದಾಯಪತ್ರ, ಹೊಸ ಪರಿಶೀಲನೆ. ಅಷ್ಟೇ ಅಲ್ಲ. ಬಡತನ ರೇಖೆಯ ಪಡಿತರ ಚೀಟಿಗೆ ರಾಜ್ಯದಲ್ಲಿ 1,20,000 ರೂಪಾಯಿಯ ವಾರ್ಷಿಕ ಮಿತಿಯಿದೆ. 2024ರ ನವೆಂಬರಿನಲ್ಲಿ ಚೀಟಿಗಳ ರದ್ದತಿಯಿಂದ ಎದ್ದ ಗದ್ದಲವನ್ನು ಹಳ್ಳಿಯ ಯಾವ ಮನೆಯೂ ಮರೆತಿಲ್ಲ. ಮನೆಯ ಅಕ್ಕಿಯನ್ನೇ ಪಣಕ್ಕಿಡುವ ನೌಕರಿಗೆ ಹೆದರುವವನು ಸೋಮಾರಿಯಲ್ಲ, ಹಿಸೇಬು ಬಲ್ಲವನು.

ಬೀದರ ಸೀಮೆಯ ಆಡುಮಾತಿನಲ್ಲಿ ಸಂಬಳಕ್ಕೂ ಪಗಾರವೆನ್ನುತ್ತಾರೆ, ಮಾಸಾಶನಕ್ಕೂ ಪಗಾರವೆನ್ನುತ್ತಾರೆ. ಜನ ಒಂದೇ ಹೆಸರಿನಿಂದ ಕರೆದದ್ದನ್ನು ಕಾನೂನು ಪರಸ್ಪರ ವೈರಿಗಳನ್ನಾಗಿ ಮಾಡಿ ನಿಲ್ಲಿಸಿದೆ.

ಇದರ ಫಲ ರಾಷ್ಟ್ರೀಯ ಮಾದರಿ ಸಮೀಕ್ಷೆಯ 2018ರ ವರದಿಯಲ್ಲಿ ಕಾಣುತ್ತದೆ. ಹದಿನೈದು ವರ್ಷ ಮೀರಿದ ಅಂಗವಿಕಲರಲ್ಲಿ ಕೆಲಸದಲ್ಲಿದ್ದವರು ಮತ್ತು ಕೆಲಸ ಹುಡುಕುತ್ತಿದ್ದವರು ಸೇರಿ ಶೇಕಡಾ 23.8 ಮಾತ್ರ. ಅವರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 4.2. ಈ ಎರಡನೆಯ ಅಂಕಿಯನ್ನು ಮಾತ್ರ ಓದಿದವನು ಸಂತೋಷಪಟ್ಟಾನು. ಆದರೆ ಹುಡುಕುವುದನ್ನೇ ಬಿಟ್ಟವನು ನಿರುದ್ಯೋಗಿಯ ಖಾನೆಯಲ್ಲಿ ಬರುವುದಿಲ್ಲ. ನಾಲ್ವರಲ್ಲಿ ಮೂವರು ಬಾಗಿಲು ತಟ್ಟುವುದನ್ನೇ ನಿಲ್ಲಿಸಿದರೆ ಬಾಗಿಲ ಮುಂದೆ ಗದ್ದಲ ಕಡಿಮೆಯಾಗುವುದು ಸಹಜ.

ತಟ್ಟಿದವರ ಪಾಡೇನು? ದೊಡ್ಡ ಸಂದರ್ಶನವೆಂದರೆ ಬೆಂಗಳೂರು. ಹುಮನಾಬಾದದಿಂದ ಆರುನೂರು ಕಿಲೋಮೀಟರಿಗೂ ಆಚೆ. ಸಾರಿಗೆ ನಿಗಮದ ಅಂಗವಿಕಲರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರಿನೊಳಗೆ ನಡೆಯುತ್ತದೆ. ಅಂಗವಿಕಲನು ನೂರು ಕಿಲೋಮೀಟರಿನಾಚೆ ಜೀವನೋಪಾಯ ಹುಡುಕಲಾರನೆಂದು ಯಾರು ನಿಶ್ಚಯಿಸಿದರೋ ತಿಳಿಯದು. 2023ರ ಜೂನ್ ತಿಂಗಳಿಂದ ಶಕ್ತಿ ಯೋಜನೆಯು ಮಹಿಳೆಯರಿಗೆ ಈ ಬೇಲಿಯನ್ನು ತೆಗೆಯಿತು. ಅದು ಸ್ತುತ್ಯ ಕಾರ್ಯ. ಊರುಗೋಲು ಹಿಡಿದ ಯುವಕನಿಗೆ ಬೇಲಿ ಹಾಗೆಯೇ ಇದೆ. ಒಂದು ಸಂದರ್ಶನಕ್ಕೆ ಹೋಗಿ ಬರಲು ತಿಂಗಳ ಮಾಸಾಶನ ಸಾಲದು.

ಸಂದರ್ಶನದ ಕೋಣೆಯ ಕಥೆ ಬೇರೆ. ಲೆಕ್ಕಪತ್ರದ ಕೆಲಸಕ್ಕೆ ಕರೆದವರು ಲೆಕ್ಕವನ್ನು ಕೇಳುವುದಿಲ್ಲ. ಮೆಟ್ಟಿಲು ಹತ್ತಲಾದೀತೆ, ಕರೆತರುವವರು ಯಾರು, ಲಗ್ನದ ವಿಚಾರವಿದೆಯೆ ಎಂದು ಕೇಳುತ್ತಾರೆ. ಕೊನೆಗೆ ಅನುಕಂಪದ ಸ್ವರದಲ್ಲಿ ಬರುವ ಪ್ರಶ್ನೆ: "ನಿನಗ ಸರಕಾರದ ಪಗಾರ ಬರ್ತದಲ್ಲಪಾ, ಮತ್ತ ನೌಕರಿ ಯಾಕ?" ತಹಸೀಲ ಕಚೇರಿಯ ಮೇಜಿನ ಮುಂದೆ ಅವನು ತನ್ನ ಅಶಕ್ತಿಯನ್ನು ಸಾಧಿಸಿ ತೋರಿಸಬೇಕು, ಈ ಮೇಜಿನ ಮುಂದೆ ಅದೇ ಪ್ರಮಾಣಪತ್ರ ಹಿಡಿದು ಶಕ್ತಿಯನ್ನು ಸಾಧಿಸಬೇಕು. ಅಲ್ಲಿ ಶೇಕಡಾ 60 ಕಡಿಮೆಯಾಯಿತು, 1,400 ಸಲ್ಲದು. ಇಲ್ಲಿ ಅದೇ 60 ಹೆಚ್ಚಾಯಿತು, ಕೆಲಸ ಸಲ್ಲದು. ಅನೇಕಾಂತದ ಅನುಯಾಯಿಗಳಿಗೆ ಒಂದು ವಸ್ತುವನ್ನು ಹಲವು ನೆಲೆಗಳಿಂದ ನೋಡುವುದು ಹೊಸದಲ್ಲ. ಆದರೆ ಎರಡು ನೆಲೆಗಳಿಂದಲೂ ಒಬ್ಬನಿಗೇ ನಷ್ಟವಾಗುವಂತೆ ನೋಡುವುದು ನಯವಲ್ಲ, ವಂಚನೆ.

ಇಲ್ಲಿ ಸರಕಾರವನ್ನಷ್ಟೇ ಬೈದು ಕೈತೊಳೆಯುವುದು ಸುಲಭ. ಕೇಂದ್ರ ಸರಕಾರವು 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ರದ್ದುಮಾಡಿತು. ಸರಕಾರಿ ನೌಕರಿಯಲ್ಲಿ 1995ರ ಕಾನೂನು ಶೇಕಡಾ 3ನ್ನು ಮೀಸಲಿಟ್ಟಿತ್ತು, 2016ರ ಕಾನೂನು 4 ಮಾಡಿತು. ಹುದ್ದೆ ತುಂಬುವಲ್ಲಿ ಆಲಸ್ಯವಿದ್ದರೂ ಕೇಳಲು ನ್ಯಾಯಾಲಯವಿದೆ. ಹಾಗಾದರೆ ಮನಸ್ಸಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನ ಉಳಿದಿರುವುದು ಎಲ್ಲಿ? ದಾಲ್ ಮಿಲ್ಲಿನಲ್ಲಿ, ಬಟ್ಟೆಯ ಅಂಗಡಿಯಲ್ಲಿ, ಸಹಕಾರಿ ಪತ್ತಿನ ಸಂಘದಲ್ಲಿ, ಧರ್ಮಾರ್ಥ ಶಾಲೆಯ ಆಡಳಿತ ಮಂಡಳಿಯ ಮುಂದೆ. ಎಂದರೆ ಈ ಪತ್ರಿಕೆಯ ಓದುಗರ ಕೋಣೆಗಳಲ್ಲಿಯೇ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯೊಂದನ್ನು ಬರೆದು ಪ್ರಕಟಿಸಬೇಕು, ಅಂಗವಿಕಲರಿಗೆ ತಕ್ಕ ಹುದ್ದೆಗಳನ್ನೂ ಸೌಕರ್ಯಗಳನ್ನೂ ಅದರಲ್ಲಿ ಹೇಳಬೇಕು, ಸಂಪರ್ಕಾಧಿಕಾರಿಯನ್ನು ನೇಮಿಸಬೇಕು ಎಂದು ಅದೇ ಅಧಿನಿಯಮದ 21ನೆಯ ಕಲಮೂ 2017ರ ನಿಯಮಗಳೂ ವಿಧಿಸಿವೆ. ಕಾನೂನು ಮುರಿದವರಿಗೆ ಮೊದಲ ಸಲ 10,000 ರೂಪಾಯಿಯವರೆಗೆ ದಂಡವಿದೆ. ಜಿ.ಎಸ್.ಟಿ. ವಿವರಪಟ್ಟಿ ಒಂದು ದಿನ ತಡವಾದರೆ ನಿದ್ರೆಗೆಡುವ ಮಾಲೀಕರಲ್ಲಿ ಈ ನೀತಿಪತ್ರವನ್ನು ಬರೆದವರೆಷ್ಟು ಜನ?

ಜೈನ ಸಮಾಜವು ಹೆಮ್ಮೆಪಡಬೇಕಾದ ಕೆಲಸವೊಂದು ಈ ಕ್ಷೇತ್ರದಲ್ಲಿ ನಡೆದಿದೆ. 1968ರ ಸುಮಾರಿಗೆ ಜಯಪುರದಲ್ಲಿ ಶಾಲೆ ಹೆಚ್ಚು ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಕೂಡಿ ರೂಪಿಸಿದ ಜಯಪುರ ಪಾದವನ್ನು, ಡಿ.ಆರ್. ಮೆಹತಾ ಅವರು 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಲಕ್ಷಾಂತರ ಜನರಿಗೆ ಉಚಿತವಾಗಿ ತೊಡಿಸಿದೆ. ಆ ಪಾದದ ವೈಶಿಷ್ಟ್ಯವೆಂದರೆ ಅದನ್ನು ತೊಟ್ಟವನು ಹೊಲದಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಕೂಡಬಹುದು. ಅಂದರೆ ಅದು ದುಡಿಯುವವನಿಗಾಗಿ ಮಾಡಿದ ಪಾದ. ಹಾಗೆ ಕಾಲು ಕೊಟ್ಟ ಸಮಾಜವೇ, ಆ ಕಾಲಿನ ಮೇಲೆ ನಡೆದು ಅಂಗಡಿಯ ಬಾಗಿಲಿಗೆ ಬಂದವನನ್ನು ಮೆಟ್ಟಿಲಿನ ನೆಪ ಹೇಳಿ ತಿರುಗಿಸಿ ಕಳಿಸಿದರೆ ಆ ದಾನ ಎಲ್ಲಿಗೆ ಮುಟ್ಟಿತು? ಕನ್ನಡ ನಾಡಿನ ಶಾಸನಗಳು ಶ್ರಾವಕರನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಕೂಡಿಯೇ ಹೇಳುತ್ತವೆ. ಶಿಬಿರಗಳಲ್ಲಿ ಆಹಾರ ಭೈಷಜ್ಯಗಳು ಹೇರಳವಾಗಿವೆ. ಕೆಲಸಕ್ಕೆ ಸೇರಿದರೆ ಇದ್ದ ಅನ್ನವೂ ಹೋದೀತೆಂದು ಹೆದರಿದವನಿಗೆ ಬೇಕಾದದ್ದು ಅಭಯ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದೆಂದು ಪಾಠಶಾಲೆಯ ಬಾಲಕರೂ ಬಲ್ಲರು. ಆಶ್ರಿತನ ತುತ್ತನ್ನು ತಡೆಯುವುದು ಹೊಡೆತದಷ್ಟೇ ದೋಷವೆಂದು ತಿಳಿದ ಪರಂಪರೆಗೆ, ಮೊದಲ ಸಂಬಳದ ದಿನವೇ ಮಾಸಾಶನವನ್ನು ಕತ್ತರಿಸುವ ನಿಯಮ ಯಾವ ಬಗೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಯಕಕ್ಕೆ ಗೌರವ ತಂದುಕೊಟ್ಟ ಕಲ್ಯಾಣ ಅದೇ ನೆರೆಯಲ್ಲಿರುವಾಗ ಘಾಟಬೋರಾಳದವನಿಗೆ ದುಡಿಮೆಯ ಮಹತ್ವವನ್ನು ಹೊರಗಿನವರು ಬೋಧಿಸುವುದೂ ಹಾಸ್ಯಾಸ್ಪದವೇ.

ಸುಳ್ಳು ಪ್ರಮಾಣಪತ್ರಗಳ ಆಕ್ಷೇಪಣೆ ಬರುತ್ತದೆ. 2024ರಲ್ಲಿ ಮಹಾರಾಷ್ಟ್ರದಲ್ಲಿ ತರಬೇತಿಯಲ್ಲಿದ್ದ ಐ.ಎ.ಎಸ್. ಅಧಿಕಾರಿಯೊಬ್ಬರ ಪ್ರಮಾಣಪತ್ರ ವಿವಾದಕ್ಕೀಡಾದ ಮೇಲೆ ಇದು ಎಲ್ಲರ ಬಾಯಲ್ಲಿದೆ. ಕಲಬೆರಕೆಯ ಬೇಳೆ ಮಾರಿದವನಿದ್ದಾನೆಂದು ಬೇಳೆಯ ಪೇಟೆಯನ್ನೇ ಮುಚ್ಚಿದವರಿಲ್ಲ. ಅಂಗವಿಕಲನಿಂದ ಕೆಲಸ ಸಾಗದೆಂಬ ಇನ್ನೊಂದು ಆಕ್ಷೇಪಣೆಗೆ ಸರ್ವೋಚ್ಚ ನ್ಯಾಯಾಲಯದ 2025ರ ಮಾರ್ಚ್ 3ರ ತೀರ್ಪು ಉತ್ತರ. ದೃಷ್ಟಿಹೀನರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದು ಎಂದು ಅದು ಸಾರಿತು. ಕಣ್ಣಿಲ್ಲದವರು ನ್ಯಾಯಪೀಠದಲ್ಲಿ ಕುಳಿತು ಆಸ್ತಿಪಾಸ್ತಿಯ ವಿವಾದ ನಿರ್ಣಯಿಸಬಹುದಾದರೆ, ತೊಗರಿಯ ಚೀಲಗಳ ಲೆಕ್ಕ ಬರೆಯಲು ಎರಡು ಗಟ್ಟಿ ಕಾಲು ಏಕೆ ಬೇಕು?

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಅಮೆರಿಕದಲ್ಲಿ ವಿಮೆಯ ಆಧಾರದ ಅಂಗವಿಕಲ ಪಿಂಚಣಿ ಪಡೆಯುವವನು ಒಂಬತ್ತು ತಿಂಗಳು ಕೆಲಸವನ್ನು ಪರೀಕ್ಷಿಸಿ ನೋಡಬಹುದು, ಆ ಅವಧಿಯಲ್ಲಿ ಪಿಂಚಣಿ ನಿಲ್ಲುವುದಿಲ್ಲ. ನಿಂತ ಮೇಲೂ ಐದು ವರ್ಷದೊಳಗೆ ಅಶಕ್ತಿ ಮರುಕಳಿಸಿ ಕೆಲಸ ಬಿಡಬೇಕಾಗಿ ಬಂದರೆ ಪೂರ್ಣ ಹೊಸ ಅರ್ಜಿಯಿಲ್ಲದೆ ಮತ್ತೆ ಕೇಳಬಹುದು. ಅಲ್ಲಿ ಎಲ್ಲವೂ ನೆಟ್ಟಗಿದೆಯೆಂದಲ್ಲ. ಬಡವರ ಇನ್ನೊಂದು ಯೋಜನೆಯಲ್ಲಿ ಎರಡು ಸಾವಿರ ಡಾಲರಿಗಿಂತ ಹೆಚ್ಚು ಉಳಿತಾಯವಿರಬಾರದೆಂಬ ಮಿತಿ 1989ರಿಂದ ಕದಲದೆ ಕುಳಿತಿದೆ. ಮೂರ್ಖತನಕ್ಕೆ ದೇಶದ ಗಡಿಯಿಲ್ಲ. ಆದರೆ ಪರೀಕ್ಷಾರ್ಥ ದುಡಿಮೆಯ ವಿಚಾರ ಎರವಲು ತರತಕ್ಕದ್ದು. ಕರ್ನಾಟಕ ಸರಕಾರವು ಮಾಸಾಶನವನ್ನು ಮನೆಯವರ ಆದಾಯದಿಂದ ಬಿಡಿಸಬೇಕು, ನೌಕರಿ ಸಿಕ್ಕ ಮೊದಲ ಎರಡು ವರ್ಷ ಅದನ್ನು ಮುಂದುವರಿಸಬೇಕು, ಕೆಲಸ ಹೋದ ತಿಂಗಳಿಂದಲೇ ಹಳೆಯ ಗುರುತುಪತ್ರದ ಮೇಲೆ ಪುನಃ ಸಲ್ಲಿಸಬೇಕು. ಸಂದರ್ಶನದ ಕರೆಪತ್ರವನ್ನೇ ಪಾಸೆಂದು ತಿಳಿದು ನೂರು ಕಿಲೋಮೀಟರಿನ ಗೆರೆಯನ್ನು ಅಳಿಸಬೇಕು.

ಸಮಾಜದ ಸಂಸ್ಥೆಗಳು ಇದಾವುದಕ್ಕೂ ಕಾಯಬೇಕಾಗಿಲ್ಲ. ಪ್ರತಿ ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ದಾನದ ಪಟ್ಟಿ ಓದುತ್ತಾರೆ. ಅದರ ಜೊತೆಗೆ ನೌಕರರ ಪಟ್ಟಿಯನ್ನೂ ಓದಿ, ಅವರಲ್ಲಿ ಅಂಗವಿಕಲರು ಎಷ್ಟು, ಕಳೆದ ವರ್ಷ ಸಂದರ್ಶನಕ್ಕೆ ಬಂದು ಮರಳಿದವರೆಷ್ಟು, ಯಾವ ಕಾರಣಕ್ಕೆ ಮರಳಿದರು ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಬಹುದು. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನ ಬಳಿ ಆ ಊರಿನ ಅಂಗವಿಕಲರ ಹೆಸರು, ವಿದ್ಯೆ, ವಯಸ್ಸಿನ ಮಾಹಿತಿ ಸಿಗುತ್ತದೆ. ಸ್ವತಃ ಅಂಗವಿಕಲನಾಗಿದ್ದು ಸಂಬಳವಲ್ಲದ ಗೌರವಧನದ ಮೇಲೆ ದುಡಿಯುವ ಆ ಮನುಷ್ಯನನ್ನು ಗಾಲಿಕುರ್ಚಿ ಹಂಚುವ ದಿನ ವೇದಿಕೆಗೆ ಕರೆಯುತ್ತಾರೆ. ಅಂಗಡಿಯಲ್ಲಿ ಗುಮಾಸ್ತನ ಜಾಗ ತೆರವಾದ ದಿನ ಅವನಿಗೆ ಒಂದು ಫೋನು ಮಾಡಿದ ಮಾಲೀಕರ ಹೆಸರು ತಿಳಿದರೆ ಈ ಪತ್ರಿಕೆ ದಾನಿಗಳ ಪುಟದಲ್ಲಿಯೇ ಅದನ್ನು ಅಚ್ಚುಮಾಡಬಹುದು.