ದುಃಖದ ಹೆಸರಲ್ಲಿ ದುಡಿಮೆಯನ್ನು ಮರೆಸಬೇಡಿ

ಅಮೆರಿಕದ ಬ್ಲೂಸ್ ಸಂಗೀತದ ಬಗ್ಗೆ ಕನ್ನಡದಲ್ಲಿ ಯಾರು ಬರೆಯಲು ಕೂತರೂ ಹತ್ತಿಹೊಲ, ಒಂಟಿ ಗಿಟಾರು, ಕಣ್ಣೀರು ಇಷ್ಟೇ. ನಮ್ಮ ಸಹ ಪತ್ರಿಕೆಯೊಂದು ಕಳೆದ ತಿಂಗಳು ಇನ್ನೂ ಮುಂದೆ ಹೋಗಿ, ಶಿಕಾಗೋ ಸೇರಿ ಎಲೆಕ್ಟ್ರಿಕ್ ಗಿಟಾರು ಹಿಡಿದ ಮೇಲೆ ಬ್ಲೂಸ್ ಕೆಟ್ಟಿತೆಂದು ತೀರ್ಪು ಕೊಟ್ಟಿದೆ. ಹಳಸಲು ತೀರ್ಪು. 1958ರಲ್ಲಿ ಶಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಕೆಲವು ವಿಮರ್ಶಕರೂ ಅವನ ಗಿಟಾರಿನ ಅಬ್ಬರಕ್ಕೆ ಮುಖ ಸಿಂಡರಿಸಿದ್ದರು. ಬಿಗ್ ಬಿಲ್ ಬ್ರೂನ್ಜಿಯ ಪಾಡು ಇನ್ನೂ ಕಷ್ಟದ್ದು. ಶಿಕಾಗೋದಲ್ಲಿ ತಂಡ ಕಟ್ಟಿಕೊಂಡು ರೆಕಾರ್ಡು ಮಾಡಿದ್ದ ಆ ಪೇಟೆಯ ಕಲಾವಿದ, ಯುರೋಪಿನ ವೇದಿಕೆಗಳಲ್ಲಿ ಹಳ್ಳಿಗಾಡಿನ ಗಾಯಕನಾಗಿ ನಿಲ್ಲಬೇಕಾಯಿತು.

ಗಿಟಾರಿಗೆ ಕರೆಂಟು ಬಂದದ್ದು ಶೋಕಿಗಲ್ಲ. 1943ರಲ್ಲಿ ಮಿಸ್ಸಿಸ್ಸಿಪ್ಪಿಯಿಂದ ಶಿಕಾಗೋಗೆ ಬಂದ ಮಡ್ಡಿ ಕಾಗದದ ಕಾರ್ಖಾನೆಯಲ್ಲಿ ದುಡಿದ, ಲಾರಿ ಓಡಿಸಿದ, ರಾತ್ರಿ ಕ್ಲಬ್ಬುಗಳಲ್ಲಿ ನುಡಿಸಿದ. ಕೇಳುವವರೂ ಪಾಳಿ ಮುಗಿಸಿ ಬಂದವರೇ. ಕುಡಿಯುತ್ತಿದ್ದರು, ಕುಣಿಯುತ್ತಿದ್ದರು, ಜಗಳ ತೆಗೆಯುತ್ತಿದ್ದರು. ಆ ಗದ್ದಲದಲ್ಲಿ ಬರೀ ಮರದ ಗಿಟಾರು ಎದುರಿನ ಮೇಜಿಗೂ ಕೇಳಿಸುತ್ತಿರಲಿಲ್ಲ. ಲಿಟಲ್ ವಾಲ್ಟರ್ ಪುಟ್ಟ ಮೈಕನ್ನೂ ಮೌತ್ ಆರ್ಗನ್ನನ್ನೂ ಒಂದೇ ಬೊಗಸೆಯಲ್ಲಿ ಹಿಡಿದು ಊದಿದ. ಆಂಪ್ಲಿಫೈಯರಿನಲ್ಲಿ ಒಡೆದು, ದಪ್ಪಗಾಗಿ, ಸ್ಯಾಕ್ಸೊಫೋನಿಗೆ ಸಮನಾಗಿ ಮೊಳಗಿದ ಆ ನಾದ ಹೊಲದ ಬದುವಿನಲ್ಲಿ ಹುಟ್ಟುವಂಥದ್ದಲ್ಲ. ಅದನ್ನು ಹುಟ್ಟಿಸಿದ್ದು ಕ್ಲಬ್ಬು.

ಆ ಕ್ಲಬ್ಬುಗಳ ಋಣವನ್ನು ಯಾರೂ ನೆನೆಯುವುದಿಲ್ಲ ಎಂಬುದೇ ನನ್ನ ಸಿಟ್ಟು. ತೆರೇಸಾ ನೀಡಮ್ ಎಂಬಾಕೆ 1949ರಿಂದ 1983ರವರೆಗೆ ಶಿಕಾಗೋದ ಸೌತ್ ಸೈಡಿನ ನೆಲಮಾಳಿಗೆಯೊಂದರಲ್ಲಿ ತೆರೇಸಾಸ್ ಲೌಂಜ್ ನಡೆಸಿದಳು. ಮೌತ್ ಆರ್ಗನ್ ವಾದಕ ಜೂನಿಯರ್ ವೆಲ್ಸ್‌ಗೆ ಅದು ಮನೆಯಂಗಳವಾಗಿತ್ತು. ಹಗಲು ಕೆಟ್ಟು ನಿಂತ ಕಾರುಗಳನ್ನು ಎಳೆದೊಯ್ಯುವ ಟ್ರಕ್ ಓಡಿಸುತ್ತಿದ್ದ ಗಿಟಾರ್ ವಾದಕ ಬಡ್ಡಿ ಗೈ ಕೂಡ ಅಲ್ಲಿ ನುಡಿಸಿದ. 1972ರಲ್ಲಿ ಅವನೇ ಪಾಲುದಾರನಾಗಿ ಚೆಕರ್‌ಬೋರ್ಡ್ ಲೌಂಜ್ ತೆರೆದ. 1981ರಲ್ಲಿ ರೋಲಿಂಗ್ ಸ್ಟೋನ್ಸ್‌ನವರು ಮಡ್ಡಿಯ ಜೊತೆ ಹಾಡಿದ್ದು ಅಲ್ಲೇ.

ಹಾಡಿನ ಹಣ ಮಾತ್ರ ಬೇರೆಡೆ ಹೋಯಿತು. ತಮ್ಮ ರಾಯಲ್ಟಿಗಾಗಿ ಮಡ್ಡಿಯೂ ಹಾಡುಗಳನ್ನು ಬರೆದ ವಿಲ್ಲಿ ಡಿಕ್ಸನ್ನೂ 1970ರ ದಶಕದಲ್ಲಿ ತಮ್ಮ ಪ್ರಕಾಶಕರ ಮೇಲೆಯೇ ದಾವೆ ಹೂಡಬೇಕಾಯಿತು. 1985ರಲ್ಲಿ ಡಿಕ್ಸನ್, ತನ್ನ ಹಾಡನ್ನು ಬಳಸಿಕೊಂಡರೆಂದು, ರಾಕ್ ತಂಡ ಲೆಡ್ ಜೆಪೆಲಿನ್ ಮೇಲೂ ಕೋರ್ಟಿಗೆ ಹೋದ. ನೋವಿಲ್ಲದೆ ಕಲೆಯಿಲ್ಲ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಲಿ. ನೋವೇ ಹಾಡಿಸಿತು ಎಂದುಬಿಟ್ಟರೆ ದುಡ್ಡು ಕೊಡದವರೂ ಕಲಾಪೋಷಕರಾಗಿಬಿಡುತ್ತಾರೆ.

ಈ ಸಂಚಿಕೆಯ ವಿಶೇಷ ಪುಟಗಳು ಶಿಕಾಗೋ ಕ್ಲಬ್ಬುಗಳಿಗೆ ಮೀಸಲು. ಲೇಖಕರಿಗೆ ನಾವು ಹಾಕಿದ ಷರತ್ತು ಒಂದೇ: ಕಲಾವಿದ ಎಲ್ಲಿ ನುಡಿಸಿದ, ಹಗಲು ಏನು ಕೆಲಸ ಮಾಡುತ್ತಿದ್ದ, ಅವನ ಹಾಡಿನ ದುಡ್ಡು ಯಾರ ಕೈ ಸೇರಿತು ಎಂಬುದನ್ನು ಬರೆಯದೆ ಅವನ ಅಳುವಿನ ಬಗ್ಗೆ ಬರೆಯಕೂಡದು.